ಏತದ ಮೇಲಿನ ತಲೆಸುತ್ತು

"ಗುರುಗಳೇ, ತಲೆ ಸುತ್ತುತ್ತದೆ ಎಂದು ಇವತ್ತು ಒಬ್ಬ ಹೆಂಗಸು ಬಂದಿದ್ದಳು. ನಾಡಿ ನೋಡಿದೆ, ಸರಿಯಿತ್ತು. ಕಣ್ಣು, ಕಿವಿ, ನಾಲಗೆ ಎಲ್ಲವೂ ಸರಿಯಿದ್ದವು. ನಿನಗೇನೂ ಆಗಿಲ್ಲ ಎಂದು ಹೇಳಿ ಕಳಿಸಿಬಿಟ್ಟೆ. ಇಲ್ಲದ ರೋಗಕ್ಕೆ ಮದ್ದು ಎಲ್ಲಿಂದ ತರುವುದು?"

ಹೀಗೆ ಕೇಳಿದವನು ವೈದ್ಯವಿದ್ಯೆ ಕಲಿಯುತ್ತಿದ್ದ ಶಿಷ್ಯ. ಕಲಿಯುವುದು ಇನ್ನು ಹೆಚ್ಚೇನೂ ಉಳಿದಿಲ್ಲ ಎಂಬ ಭಾವ ಅವನ ಮುಖದಲ್ಲಿತ್ತು. ಬೇರು ಅರೆಯುತ್ತಿದ್ದ ಗುರುಗಳು ಕೈ ತೊಳೆದುಕೊಂಡು, "ಕೂತುಕೋ" ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಏತದವನಿದ್ದ. ಏತವೆಂದರೆ ಬಾವಿಯ ಪಕ್ಕ ನೆಟ್ಟ ಕಂಬದ ಮೇಲೆ ತೂಗುವ ಉದ್ದನೆಯ ತೊಲೆ. ಒಬ್ಬನು ಆ ತೊಲೆಯ ಮೇಲೆ ನಡೆಯಬೇಕು. ಬಾವಿಯ ಕಡೆ ನಡೆದರೆ ತುದಿಗೆ ಕಟ್ಟಿದ ಬಾನಿ ನೀರಿಗೆ ಇಳಿಯುತ್ತದೆ. ಹಿಂದಕ್ಕೆ ನಡೆದರೆ ತುಂಬಿಕೊಂಡು ಮೇಲೇಳುತ್ತದೆ. ಇನ್ನೊಬ್ಬನು ಬಾವಿಯ ಬಾಯಲ್ಲಿ ನಿಂತು ಅದನ್ನು ಕಾಲುವೆಗೆ ಬಗ್ಗಿಸುತ್ತಾನೆ. ಮೇಲೆ ನಡೆಯುವವನಿಗೆ ಹಿಡಿದುಕೊಳ್ಳಲೆಂದು ಪಕ್ಕದಲ್ಲಿ ಒಂದು ಬಿದಿರು ಕಟ್ಟಿರುತ್ತಾರೆ. ಕೈ ಬಿಟ್ಟು ನಡೆಯಬಲ್ಲವನ ಏತಕ್ಕೆ ಮಾತ್ರ ಆ ಊರಿನಲ್ಲಿ ಬಿದಿರು ಕಟ್ಟುತ್ತಿರಲಿಲ್ಲ.

ನಮ್ಮ ಏತದವನದು ಬಿದಿರಿಲ್ಲದ ಏತ. ಅವನ ಅಪ್ಪನದೂ ಹಾಗೆಯೇ ಇತ್ತು. ತಲೆಗೆ ರುಮಾಲು ಸುತ್ತಿ, ಎದೆಯುಬ್ಬಿಸಿ, ಹಾಡು ಹೇಳಿಕೊಂಡು ಅವನು ಆ ತೊಲೆಯ ಮೇಲೆ ಹೋಗಿ ಬರುವುದನ್ನು ದಾರಿಹೋಕರು ನಿಂತು ನೋಡುತ್ತಿದ್ದರು. ನೋಡುತ್ತಿದ್ದಾರೆಂದು ಅವನಿಗೂ ಗೊತ್ತಿತ್ತು. ಗೊತ್ತಿಲ್ಲದವನ ಹಾಗೆ ಇನ್ನಷ್ಟು ಗಟ್ಟಿಯಾಗಿ ಹಾಡುತ್ತಿದ್ದ. ಕೆಳಗೆ ಬಾವಿಯ ಬಾಯಲ್ಲಿ ನಿಲ್ಲುತ್ತಿದ್ದವನು ಅವನ ತಮ್ಮ. ತಾಯಿ ಸಾಯುವಾಗ ಕೈಗೆ ಕೊಟ್ಟುಹೋದ ತಮ್ಮ.

ಒಂದು ಸಲ ಅವನು ಮೈಮೇಲೆ ಜ್ವರವಿಟ್ಟುಕೊಂಡೇ ಏತ ಹತ್ತಿದ. ನಡುವೆ ಕಣ್ಣು ಕತ್ತಲಿಟ್ಟಿತು, ಕಾಲು ಜಾರಿತು. ಹೇಗೋ ತೊಲೆಯನ್ನು ತಬ್ಬಿ ಹಿಡಿದು ಉಳಿದುಕೊಂಡ. ತಮ್ಮ ಗಾಬರಿಯಿಂದ ಕೂಗಿದರೆ, ಏನೂ ಆಗಿಲ್ಲವೆಂಬಂತೆ ನಕ್ಕು ಮತ್ತೆ ನಡೆದ. ಜ್ವರ ಬಿಟ್ಟಿತು. ತಲೆಸುತ್ತು ಬಿಡಲಿಲ್ಲ. ತೊಲೆಯ ಮೇಲೆ ಕಾಲಿಟ್ಟರೆ ಸಾಕು, ಬಾವಿ, ತೋಟ, ಆಕಾಶ ಎಲ್ಲವೂ ಒಟ್ಟಿಗೆ ತಿರುಗುತ್ತಿದ್ದವು. ಬರಬರುತ್ತಾ ಜಗಲಿಯಿಂದ ಇಳಿಯುವಾಗಲೂ ಕಂಬ ಹಿಡಿಯುವಂತಾಯಿತು.

ಊರಿನ ವೈದ್ಯ ಪಿತ್ತವೆಂದು ಕಷಾಯ ಕುಡಿಸಿದ. ಏನೂ ಪ್ರಯೋಜನವಾಗಲಿಲ್ಲ. ಪೇಟೆಯ ವೈದ್ಯ ಅಂಗಾಲಿನಿಂದ ನೆತ್ತಿಯವರೆಗೆ ನೋಡಿ, "ನಿನಗೇನೂ ಆಗಿಲ್ಲ, ಎದ್ದು ಕೆಲಸ ನೋಡು" ಎಂದ. ಮಾತು ಊರಿಗೆ ಮುಟ್ಟಿತು. ಏನೂ ಆಗಿಲ್ಲವಂತೆ, ಮೈಗಳ್ಳತನವಂತೆ ಎಂದು ಅರಳಿಕಟ್ಟೆಯಲ್ಲಿ ಆಡಿಕೊಂಡರು. ಏತದವನಿಗೆ ಆ ಮಾತು ಎದೆಗೆ ಚುಚ್ಚಿತು. ಕುಂಟ, ಕುರುಡ ಎಂದಿದ್ದರೂ ಸಹಿಸುತ್ತಿದ್ದನೇನೋ. ಮೈಗಳ್ಳ ಎನಿಸಿಕೊಂಡು ಬದುಕುವುದು ಅವನ ಜಾಯಮಾನಕ್ಕೆ ಆಗದ ಕೆಲಸ.

ಅಣ್ಣನಿಗೆ ಆಸರೆಯಾಗಲೆಂದು ತಮ್ಮ ಏತಕ್ಕೆ ಬಿದಿರು ಕಟ್ಟಿದ. ಪ್ರೀತಿಯಿಂದಲೇ ಕಟ್ಟಿದ. ಅಪ್ಪನ ಕಾಲದಿಂದ ಇಲ್ಲದ್ದು ಬಂತಲ್ಲ ಎಂದು ಅಣ್ಣ ಮುಖ ತಿರುಗಿಸಿದ. ಆದರೂ ಹಿಡಿದ. ಹಿಡಿದಷ್ಟೂ ತಲೆ ಹೆಚ್ಚು ಸುತ್ತಿತು. ಹಾಡು ನಿಂತುಹೋಯಿತು. ಕೊನೆಗೆ ಏತವೂ ನಿಂತಿತು. ತಮ್ಮನೇ ಮೇಲೆ ನಡೆಯುತ್ತೇನೆಂದು ಹೊರಟರೆ, ಅದಕ್ಕೂ ಅಣ್ಣ ಬಿಡಲಿಲ್ಲ.

ಏತದವನ ಹೆಂಡತಿ ಹಟ ಹಿಡಿದು ಹೊಳೆಯಾಚೆಯ ಒಬ್ಬ ಮುದಿ ವೈದ್ಯನನ್ನು ಕರೆಸಿದಳು. ಅವನೂ ನಾಡಿ ಹಿಡಿದ. ಮಲಗಿಸಿ, ಥಟ್ಟನೆ ಎಬ್ಬಿಸಿ, ಕತ್ತು ಆ ಕಡೆ ಈ ಕಡೆ ತಿರುಗಿಸಿ ಕಣ್ಣಗುಡ್ಡೆಗಳನ್ನು ನೋಡಿದ. ಕಿವಿಯಲ್ಲಿ ಗುಂಯ್‌ಗುಡುತ್ತದೆಯೇ, ಕೇಳುವುದು ಕಡಿಮೆಯಾಗಿದೆಯೇ ಎಂದು ವಿಚಾರಿಸಿದ. ಪೇಟೆಯ ವೈದ್ಯನಿಗೆ ಕಂಡದ್ದೇ ಅವನಿಗೂ ಕಂಡಿತು. ಆದರೆ ಅವನು ಹೇಳಿದ ಮಾತು ಬೇರೆ.

"ನಿನ್ನ ತಲೆ ಸುತ್ತುವುದು ನಿಜ. ಏನು ಕೆಲಸ ನಿನ್ನದು?"

ಅಷ್ಟು ದಿನಗಳಲ್ಲಿ ನಿಜ ಎಂದವರು ಯಾರೂ ಇರಲಿಲ್ಲ. ಏತದವನು ತಲೆಯೆತ್ತಿ ಹೇಳಿದ, "ಏತ ತುಳೀತೀನಿ ಸ್ವಾಮಿ. ಬಿದಿರಿಲ್ಲದ ಏತ ನಮ್ದು."

"ಹಾಗಾದರೆ ನಡೆ, ನೋಡೋಣ" ಎಂದ ವೈದ್ಯ.

ತಮ್ಮ ಬಾವಿಯ ಬಾಯಲ್ಲಿ ನಿಂತ, ಏತದವನು ಬಿದಿರು ಹಿಡಿದುಕೊಂಡು ತೊಲೆ ಹತ್ತಿದ. ಮುಖ ಬೆವರಿತು, ಕಾಲು ನಡುಗಿತು. ಒಂದೆರಡು ಬಾನಿ ನೀರು ಹರಿಯುವಷ್ಟರಲ್ಲಿ ಕಾಲುವೆಯ ಬದಿ ಕುಸಿದು ನೀರು ಬೇರೆ ಕಡೆ ಹರಿಯಿತು. ತಮ್ಮ ಗುದ್ದಲಿ ಹಿಡಿದು ಅತ್ತ ಓಡಿದ. ಅಲ್ಲಿ ಅಲ್ಲ, ಇಲ್ಲಿ ಮಣ್ಣು ಹಾಕು ಎಂದು ಅಣ್ಣ ಮೇಲಿನಿಂದ ಬೈಯುತ್ತಾ, ಕೈ ತೋರಿಸುತ್ತಾ, ತೊಲೆಯ ಉದ್ದಕ್ಕೂ ಹೋಗಿ ಬಂದ. ಬಿದಿರು ತನ್ನ ಪಾಡಿಗೆ ತಾನಿತ್ತು. ತಮ್ಮ ಮತ್ತೆ ಬಾವಿಯ ಬಾಯಿಗೆ ಬಂದು ನಿಂತ. ಅಣ್ಣ ಮತ್ತೆ ಬಿದಿರನ್ನು ತಬ್ಬಿಕೊಂಡ.

ವೈದ್ಯ ಅವನನ್ನು ಇಳಿಸಿ ಪಕ್ಕದಲ್ಲಿ ಕೂರಿಸಿಕೊಂಡ. "ಜ್ವರದಲ್ಲಿ ಕಾಲು ಜಾರಿತ್ತೆಂದು ನಿನ್ನ ತಮ್ಮ ಹೇಳಿದ. ಆಗ ನಿನಗೆ ಕಂಡದ್ದೇನು?" ಎಂದು ಕೇಳಿದ.

ಏತದವನು ಬಾವಿಯ ಬಾಯಿಯತ್ತ ಕೈ ತೋರಿಸಿದ. "ತಮ್ಮನ ತಲೆ" ಎಂದ.

"ಜ್ವರ ತಂದ ಸುತ್ತು ಜ್ವರದ ಜೊತೆಗೇ ಹೋಯಿತು. ಈಗಿನದನ್ನು ತಂದದ್ದು ಹೆದರಿಕೆ. ನೀನು ಬಿದ್ದರೆ ಅವನ ಮೇಲೇ ಬೀಳುತ್ತೀಯೆ ಎಂಬ ಹೆದರಿಕೆ. ಅವನು ಅತ್ತ ಹೋದಾಗ ನಿನ್ನ ತಲೆ ಸುತ್ತಲಿಲ್ಲ, ಗಮನಿಸಿದೆಯಾ?"

"ಹೆದರಿಕೆ ಅನ್ನೋದು ನಮ್ಮ ವಂಶದಲ್ಲೇ ಇಲ್ಲ" ಎಂದು ಏತದವನು ಸಿಡಿದ.

"ಇಲ್ಲದಿದ್ದರೆ ಒಳ್ಳೆಯದು. ಇದ್ದರೆ ಅದನ್ನು ತಮ್ಮನಿಗೆ ಹೇಳು. ಹೇಳಿದ ಮೇಲೆ ನನ್ನನ್ನು ಕರೆ" ಎಂದು ವೈದ್ಯ ಎದ್ದ.

ಮನೆಯ ಎತ್ತನ್ನು ಕೊಡು ಎಂದಿದ್ದರೆ ಏತದವನು ಅಷ್ಟು ಯೋಚಿಸುತ್ತಿರಲಿಲ್ಲ. ಮೀಸೆಯನ್ನು ಕೊಡು ಎಂದ ಹಾಗಾಯಿತು. ಊಟ ಬಿಟ್ಟ, ಹೆಂಡತಿಯ ಮೇಲೆ ರೇಗಿದ. ಕೊನೆಗೆ ಒಂದು ಬೆಳಿಗ್ಗೆ ತಮ್ಮ ಹಗ್ಗ ಹೊಸೆಯುತ್ತಾ ಕೂತಿದ್ದಾಗ ಎದುರು ನಿಂತು, ಎಲ್ಲೋ ನೋಡುತ್ತಾ ಹೇಳಿದ, "ನಿನ್ ಮೇಲೆ ಬಿದ್ಬಿಡ್ತೀನೇನೋ ಅಂತ ಹೆದರಿಕೆ ಕಣೋ ನಂಗೆ."

ತಮ್ಮ ತಲೆಯೆತ್ತಿದ. "ಅಷ್ಟೇನಾ? ಬೀಳೋದಾದ್ರೆ ಒಂದು ಕೂಗು ಹಾಕಣ್ಣ, ಸರ್ಕೊಂಡು ನಿಂತ್ಕೋತೀನಿ."

ಏತದವನು ನಕ್ಕ. ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡ.

ವೈದ್ಯ ಬಂದು ತೊಲೆಯನ್ನು ಬಿಚ್ಚಿಸಿ ನೆಲದ ಮೇಲೆ ಹಾಕಿಸಿದ. ಅಲ್ಲಿ ನಡೆಸಿದ. ಆಮೇಲೆ ಮೊಣಕಾಲೆತ್ತರದಲ್ಲಿ ಇಡಿಸಿ ನಡೆಸಿದ. ಎಲ್ಲ ಸಲವೂ ತಮ್ಮ ತುದಿಯಲ್ಲಿ ನಿಲ್ಲಬೇಕು. ಸುತ್ತು ಬಂದರೆ ಬರಲಿ, ನಿಲ್ಲಬೇಡ, ಪಾದ ನೋಡಬೇಡ, ಹಾಡು ಎಂದ. ಬಂತು. ನಡೆದ. ತಾನಾಗಿಯೇ ಹೋಯಿತು. ಅದು ಹೋಗುತ್ತದೆಂದು ಅವನ ಮೈಗೆ ಗೊತ್ತಾಗುವವರೆಗೆ ವೈದ್ಯ ಆತುರಪಡಲಿಲ್ಲ. ನಡುವೆ ಮತ್ತೆ ಕೆಟ್ಟ ದಿನಗಳೂ ಬಂದವು. ತೊಲೆ ಕಂಬದ ಮೇಲೆ ಏರಿದ ದಿನ ಏತದವನು ತಾನೇ ಕುಡುಗೋಲು ತಂದು ಬಿದಿರಿನ ಕಟ್ಟು ಕೊಯ್ದ.

ಅವತ್ತು ದಾರಿಹೋಕರು ಮತ್ತೆ ನಿಂತರು. ನಡುವೆ ಒಮ್ಮೆ ಸುತ್ತು ಬಂತು. "ಬಂತು ಕಣೋ" ಎಂದು ಊರಿಗೆಲ್ಲ ಕೇಳುವ ಹಾಗೆ ಕೂಗಿದ. "ಬರ್ಲಿ ಬಿಡಣ್ಣ" ಎಂದು ತಮ್ಮ ಒಂದು ಹೆಜ್ಜೆ ಸರಿದು ನಿಂತ. ಬಾನಿ ತುಂಬಿ ಮೇಲೆದ್ದಿತು. ಮೊದಲು ಹೆದರಿಕೆಯಿಲ್ಲ ಎಂದು ಬೀಗುತ್ತಿದ್ದವನು ಆಮೇಲೆ, ತಲೆ ಸುತ್ತುತ್ತಿದ್ದರೂ ಬಿದಿರು ಹಿಡಿಯದೆ ನಡೆಯುವವನು ಈ ಸೀಮೆಯಲ್ಲಿ ಇನ್ನೊಬ್ಬನಿದ್ದರೆ ತೋರಿಸಿ ಎಂದು ಬೀಗತೊಡಗಿದ. ಬೀಗಲಿ, ಆ ಹಕ್ಕು ಅವನಿಗಿತ್ತು.

ಗುರುಗಳು ಕತೆ ಮುಗಿಸಿದರು. ಶಿಷ್ಯನ ಮುಖ ಅರಳಿತು.

"ತಿಳಿಯಿತು ಗುರುಗಳೇ. ಆ ಹೆಂಗಸಿಗೂ ಇರುವುದು ಹೆದರಿಕೆಯೇ. ನಾಳೆಯೇ ಕರೆಸಿ ಹೇಳಿಬಿಡುತ್ತೇನೆ."

ಗುರುಗಳು ಬೇರನ್ನು ಮತ್ತೆ ಕೈಗೆತ್ತಿಕೊಂಡರು.

"ಆಕೆ ಏನು ಕೆಲಸ ಮಾಡುತ್ತಾಳಪ್ಪಾ?" ಎಂದರು.

ಅದನ್ನು ಕೇಳದೆಯೇ ಕಳಿಸಿದ್ದ ಶಿಷ್ಯ ಚಪ್ಪಲಿ ಮೆಟ್ಟಿಕೊಂಡು ಆಕೆಯ ಮನೆ ಹುಡುಕಲು ಹೊರಟ.