ತೇವವಿಲ್ಲದ ತೂತು

"ಅಜ್ಜಾರೇ, ಬತ್ತಿಹೋದ ಮನಸ್ಸಿನಲ್ಲಿ ಮತ್ತೆ ರಸ ಬರುತ್ತದೆಯೇ?"

ಹೀಗೆ ಕೇಳಿದವನು ಅಡಿವೆಪ್ಪ. ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡವನು, ಮಠದ ಹಳೆಯ ಶಿಷ್ಯ. ಅಂದು ಬಂದವನೇ ಮಠದ ಹಿರಿಯ ಸ್ವಾಮಿಗಳಾದ ಅಜ್ಜನವರಿಗೆ ನಮಸ್ಕರಿಸಿ, ಕಂಬಕ್ಕೆ ಒರಗಿ ಕೂತು, "ಉಸ್ಸಪ್ಪಾ" ಎಂದು ಉಸಿರು ಬಿಟ್ಟು, ಆಮೇಲೆ ಈ ಪ್ರಶ್ನೆ ಹಾಕಿದ್ದ.

"ಯಾರ ಮನಸ್ಸಪ್ಪಾ?" ಎಂದರು ಅಜ್ಜನವರು.

"ನನ್ನ ಹೆಂಡತಿಯದು. ನೀಲವ್ವ ಮೊದಲು ಹೀಗಿರಲಿಲ್ಲ, ಬಾಯ್ತುಂಬ ಮಾತಾಡುತ್ತಿದ್ದಳು. ಈಗ ಊಟಕ್ಕೆ ಏಳಿ ಅನ್ನುತ್ತಾಳೆ. ಕೇಳಿದ್ದಕ್ಕೆ ಹೂಂ ಅನ್ನುತ್ತಾಳೆ, ಇಲ್ಲ ಅನ್ನುತ್ತಾಳೆ, ಅಷ್ಟೇ. ಒಂದೇ ಮನೆಯಲ್ಲಿ ಇಬ್ಬರು ಬಾಡಿಗೆಯವರ ಹಾಗೆ ಇದ್ದೇವೆ. ನಾನು ಅವಳಿಗೆ ಒಂದು ಬಿರುಸು ಮಾತು ಆಡಿದವನಲ್ಲ. ಇಳಕಲ್ ಸೀರೆ ತಂದುಕೊಟ್ಟೆ, ಮಡಿಚಿ ಪೆಟ್ಟಿಗೆಯಲ್ಲಿಟ್ಟಳು. ಯಾತ್ರೆಗೆ ಕರೆದುಕೊಂಡು ಹೋದೆ, ದಾರಿಯುದ್ದಕ್ಕೂ ಬಸ್ಸಿನ ಕಿಟಕಿಯಾಚೆಗೇ ನೋಡುತ್ತ ಕೂತಳು. ನನಗೆ ದುಃಖವಾಗುತ್ತದೆ ಅಜ್ಜಾರೇ. ಮನೆಗೆ ಹೋಗಲು ಕಾಲೇ ಬರುವುದಿಲ್ಲ. ಎಲ್ಲ ಬಿಟ್ಟು ಮಠಕ್ಕೇ ಬಂದುಬಿಡುತ್ತೇನೆ, ಅಪ್ಪಣೆ ಕೊಡಿ."

ಅಜ್ಜನವರು ಅಪ್ಪಣೆಯ ಮಾತು ಬಿಟ್ಟು ಬೇರೆಯೇ ಕೇಳಿದರು.

"ಅವಳು ಮಾತಾಡುತ್ತಿದ್ದ ಕಾಲದಲ್ಲಿ ನೀನೇನು ಮಾಡುತ್ತಿದ್ದೆ?"

"ಕೇಳುತ್ತಿದ್ದೆ. ಎದುರು ಮಾತೇ ಆಡುತ್ತಿರಲಿಲ್ಲ."

"ಭಲೆ! ಹಾಗಾದರೆ ಇದನ್ನೂ ಕೇಳು. ನಡುವೆ ಬಾಯಿ ಹಾಕಬೇಡ" ಎಂದು ಅಜ್ಜನವರು ಹೇಳತೊಡಗಿದರು.

ದೂರದ ಹಿಮದ ನಾಡಿನಲ್ಲಿ ಮೇಪಲ್ ಎಂಬ ಮರವಿದೆ. ಆ ಕಡೆಯ ಯಾತ್ರಿಕನೊಬ್ಬ ಈ ಮಠದಲ್ಲಿ ತಂಗಿದ್ದಾಗ ಹೇಳಿದ್ದು ಇದು, ನಾನು ಕಂಡದ್ದಲ್ಲ. ಚಳಿಗಾಲ ಮುಗಿಯುವ ಹೊತ್ತಿಗೆ ಅಲ್ಲಿ ರಾತ್ರಿ ನೀರು ಗಡ್ಡೆ ಕಟ್ಟುತ್ತದೆ, ಹಗಲು ಕರಗುತ್ತದೆ. ಆ ಕೆಲವೇ ವಾರ ಮರದೊಳಗೆ ರಸ ಓಡಾಡುತ್ತದೆ. ಕಾಂಡಕ್ಕೆ ಸಣ್ಣ ತೂತು ಕೊರೆದರೆ ತೊಟ್ಟಿಕ್ಕುತ್ತದೆ. ನೋಡಿದರೆ ನೀರು. ಬಾಯಿಗೆ ಬಿಟ್ಟುಕೊಂಡರೆ ಸಿಹಿ ಇದೆಯೋ ಇಲ್ಲವೋ ಎನ್ನುವಷ್ಟು ಸಿಹಿ. ಕೊಪ್ಪರಿಗೆಗಟ್ಟಲೆ ಕಾಯಿಸಿದರೆ ತಳದಲ್ಲಿ ಒಂದಿಷ್ಟು ಜೋನಿಬೆಲ್ಲ ಉಳಿಯುತ್ತದೆ. ಅವರ ಆಲೆಮನೆ ಅದು. ಬಿಸಿಲು ಬಲಿತು ಚಿಗುರು ಒಡೆಯಿತೋ, ಮುಗಿಯಿತು, ಮುಂದಿನ ವರ್ಷದವರೆಗೆ ಕಾಯಬೇಕು.

ಅಲ್ಲೊಬ್ಬ ರೈತನಿದ್ದ. ಅವನ ಮರಗಳೆಲ್ಲ ಗುಡ್ಡದ ಮೇಲೆ, ಒಲೆ ಗುಡ್ಡದ ಬುಡದಲ್ಲಿ. ಹಿಮದಲ್ಲಿ ಹತ್ತಿಳಿದು ಬಕೀಟು ಹೊತ್ತು ಸೊಂಟ ಬಿದ್ದುಹೋಗಿತ್ತು. ಒಬ್ಬ ವ್ಯಾಪಾರಿ ಕೊಳವೆ ತಂದ. ಒಂದು ಹೆಬ್ಬೆರಳು ದಪ್ಪದ್ದು, ಇನ್ನೊಂದು ಆಸ್ಪತ್ರೆಯಲ್ಲಿ ಸಲೈನ್ ಏರಿಸುವ ಕೊಳವೆಗಿಂತ ತುಸು ದಪ್ಪದ್ದು.

"ನಿನ್ನ ಇಳಿಜಾರಿಗೆ ಸಣ್ಣದೇ ಸರಿ" ಎಂದ ವ್ಯಾಪಾರಿ.

"ನನಗೇನು ತಲೆ ಕೆಟ್ಟಿದೆಯೇ? ದೊಡ್ಡದನ್ನೇ ಕೊಡು" ಎಂದ ರೈತ.

ದೊಡ್ಡದನ್ನು ಮರದಿಂದ ಮರಕ್ಕೆ ಎಳೆದು ಕೆಳಗಿನ ತೊಟ್ಟಿಗೆ ಬಿಟ್ಟ. ಹೊರುವ ಕೆಲಸ ತಪ್ಪಿತು, ರಸ ಮಾತ್ರ ಹಿಂದಿನಷ್ಟೇ. ಮರುವರ್ಷ ಬೇರೆ ದಾರಿ ಕಾಣದೆ, ಗೊಣಗುತ್ತಲೇ ಸಣ್ಣ ಕೊಳವೆ ಹಾಕಿದ. ಏನು ಹೇಳಲಿ, ತೊಟ್ಟಿ ತುಂಬಿ ಹೊರಗೆ ಚೆಲ್ಲಿತು!

ಅಡಿವೆಪ್ಪ ಕಂಬ ಬಿಟ್ಟು ನೆಟ್ಟಗೆ ಕೂತ. "ಸಣ್ಣದರಲ್ಲಿ ಹೆಚ್ಚು ಬಂತೇ? ಅದು ಹೇಗೆ ಅಜ್ಜಾರೇ? ಪಂಪು ಇಟ್ಟಿದ್ದನೇ?"

"ಬಾಯಿ ಹಾಕಬೇಡ ಅಂದೆನಲ್ಲ! ಪಂಪೂ ಇಲ್ಲ, ಗಿಂಪೂ ಇಲ್ಲ. ಡ್ರಮ್ಮಿನಿಂದ ಸೀಮೆಎಣ್ಣೆಯನ್ನು ಕೊಳವೆಯಲ್ಲಿ ಇಳಿಸುವುದನ್ನು ನೋಡಿದ್ದೀಯಲ್ಲ?"

"ನೋಡಿದ್ದೇನೆ. ಒಮ್ಮೆ ಬಾಯಲ್ಲಿ ಎಳೆದು ಬಿಟ್ಟರೆ ಆಮೇಲೆ ತಾನಾಗಿ ಬರುತ್ತದೆ."

"ಅದೇ ಇದು. ದೊಡ್ಡ ಕೊಳವೆಯಲ್ಲಿ ರಸ ಅಡಿಯಲ್ಲಿ ಹರಿಯುತ್ತದೆ, ಮೇಲೆಲ್ಲ ಗಾಳಿ ಇರುತ್ತದೆ. ಮುಂದಿನ ಹನಿ ತನ್ನಷ್ಟಕ್ಕೆ ತಾನು ಹೋಗುತ್ತದೆ, ಹಿಂದಿನದು ತನ್ನಷ್ಟಕ್ಕೆ ತಾನು ಬರುತ್ತದೆ. ಸಣ್ಣದರಲ್ಲಿ ಗಾಳಿಗೆ ಜಾಗವಿಲ್ಲ. ಹನಿಗೆ ಹನಿ ಅಂಟಿಕೊಂಡು ಒಂದೇ ದಾರವಾಗುತ್ತದೆ. ಕೆಳಗಿಳಿದ ರಸದ ಭಾರವೇ ಮೇಲಿನ ರಸವನ್ನು ಎಳೆಯುತ್ತದೆ. ಮರದ ಬಾಯಿಂದಲೇ ಎಳೆದುಕೊಳ್ಳುತ್ತದೆ. ತಿಳಿಯಿತೇ? ಈಗ ಸುಮ್ಮನೆ ಕೂತು ಕೇಳು."

ಅಜ್ಜನವರು ಮುಂದುವರಿಸಿದರು.

ಒಂದು ಬೆಳಿಗ್ಗೆ ರೈತ ನೋಡುತ್ತಾನೆ, ತೊಟ್ಟಿಗೆ ಬೀಳುವ ಧಾರೆ ನೂಲಿನಷ್ಟಾಗಿದೆ. ಮೇಲಿನ ಮರಗಳಿಂದ ಏನೂ ಬರುತ್ತಿಲ್ಲ. ಚಿಗುರು ಒಡೆಯಲು ಹೆಚ್ಚು ದಿನ ಉಳಿದಿರಲಿಲ್ಲ. ಕೊಳವೆ ಎಲ್ಲೋ ಸೋರುತ್ತಿದೆ ಎಂದುಕೊಂಡ. ಬುಡದಿಂದ ತುದಿಯವರೆಗೆ ಅಂಗೈಯಲ್ಲಿ ಸವರುತ್ತ ಹತ್ತಿದ. ಎಲ್ಲಿಯೂ ಕೈ ಒದ್ದೆಯಾಗಲಿಲ್ಲ. ಕೆಳಗಿನ ಹಿಮ ನೋಡಿದ, ಒಂದು ಹನಿ ಬಿದ್ದ ಗುರುತಿಲ್ಲ. ಮತ್ತೆ ಇಳಿದ, ಮತ್ತೆ ಹತ್ತಿದ. ಗಂಟುಗಳನ್ನೆಲ್ಲ ಬಿಗಿ ಮಾಡಿದ...

"ಉಸ್ಸ್" ಎಂದ ಅಡಿವೆಪ್ಪ, ಮತ್ತೆ ಕಂಬಕ್ಕೆ ಒರಗುತ್ತ.

ಅಜ್ಜನವರು ಹೇಳುವುದನ್ನು ನಿಲ್ಲಿಸಿದರು. ಸುಮ್ಮನೆ ಅವನ ಮುಖ ನೋಡಿದರು.

"ಯಾಕೆ ಅಜ್ಜಾರೇ, ಮುಂದೆ?"

"ಏನೋ ಸದ್ದಾಯಿತು. ಎಲ್ಲಿದ್ದೆ ನಾನು?"

"ರೈತ ಗಂಟು ಬಿಗಿ ಮಾಡಿದ."

ಹಾಂ. ಬಿಗಿ ಮಾಡಿದ, ಆದರೂ ಬರಲಿಲ್ಲ. ಆಗ ಅವನಿಗೆ ಸಿಟ್ಟು ನೆತ್ತಿಗೇರಿತು. ತುದಿಯ ದೊಡ್ಡ ಮರದ ಮುಂದೆ ನಿಂತು, ಮನುಷ್ಯರನ್ನು ಬೈದ ಹಾಗೆ ಬೈದ. "ನನ್ನ ಕೊಳವೆಯಲ್ಲಿ ಒಂದು ಹನಿ ಸೋರುತ್ತಿಲ್ಲ. ನನ್ನದೇನೂ ತಪ್ಪಿಲ್ಲ. ಒಣಗಿದವಳು ನೀನು. ನಿನ್ನನ್ನು ಇಟ್ಟುಕೊಂಡು ನನಗೇನಾಗಬೇಕು? ಇವತ್ತು ನಿನ್ನನ್ನು ಸೌದೆ ಮಾಡುತ್ತೇನೆ" ಎಂದ. ಬಡವನಿಗೆ ಅಳು ಬರುತ್ತಿತ್ತು ಪಾಪ, ಅಳುವುದು ಬಿಟ್ಟು ಕೊಡಲಿ ತಂದ.

ಎತ್ತಿ ಒಂದು ಏಟು ಹಾಕಿದ. ಕೊಡಲಿ ಬಿದ್ದ ಕಡೆ ಮರ ಒಸರತೊಡಗಿತು. ರೈತ ಬಗ್ಗಿ ನೋಡಿದ. ಬೆರಳಿಟ್ಟು ನಾಲಿಗೆಗೆ ಹಚ್ಚಿಕೊಂಡ. ಅದೇ ಸಿಹಿ.

ಕೊಡಲಿಯನ್ನು ಹಿಮದಲ್ಲಿ ಬಿಟ್ಟು ಮರದ ಬುಡದಲ್ಲಿ ಕುಸಿದು ಕೂತ. "ಇದರೊಳಗೆ ಇದೆಯಲ್ಲ! ಹಾಗಾದರೆ ನನ್ನವರೆಗೆ ಯಾಕೆ ಬರುವುದಿಲ್ಲ?" ಎಂದು ತನ್ನನ್ನೇ ಕೇಳಿಕೊಂಡ. ಬೈಗುಳ ನಿಂತಿತ್ತು, ಓಡಾಟ ನಿಂತಿತ್ತು. ಬೆಳಗಿನಿಂದ ಅವನು ಬಾಯಿ ಮುಚ್ಚಿ ಕೂತದ್ದು ಅದೇ ಮೊದಲು. ಆಗ ಕಿವಿಯ ಹತ್ತಿರ, ತಲೆಗೆ ತಾಗಿಕೊಂಡಿದ್ದ ಕೊಳವೆಯಲ್ಲಿ ಒಂದು ಸಣ್ಣ ಸದ್ದು ಕೇಳಿಸಿತು.

"ಎಂಥ ಸದ್ದು?" ಎಂದ ಅಡಿವೆಪ್ಪ.

"ಹೇಳುತ್ತೇನೆ ತಾಳು. ಕೊಳವೆ ತಿರುಗಿಸಿ ನೋಡಿದ. ಅಳಿಲು ಕಚ್ಚಿತ್ತು. ಎಳ್ಳಿನಷ್ಟು ತೂತು, ಸುತ್ತ ಒಣಒಣ."

"ತೂತಿದ್ದರೆ ಸೋರಬೇಕಲ್ಲ ಅಜ್ಜಾರೇ?"

"ಅಲ್ಲೇ ಅವನೂ ಮೋಸಹೋದದ್ದು. ಹೊರಗೆ ಏನು ಬೀಳುತ್ತದೆ ಎಂದು ಹುಡುಕಿದ. ಆ ಕೊಳವೆ ಎಳೆಯುವ ಕೊಳವೆ. ತೂತಾದರೆ ರಸ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಅವನಿಗೆ ಕೇಳಿಸಿದ್ದು ಆ ಗಾಳಿಯ ಸದ್ದೇ. ಗುಳ್ಳೆ ನಡುವೆ ಹೊಕ್ಕಿತೋ, ದಾರ ತುಂಡಾಯಿತು. ಆಮೇಲೆ ಮೇಲಿನದನ್ನು ಎಳೆಯುವವರು ಯಾರು? ಮರ ಪಾಪ ಕೊಡಲು ನಿಂತೇ ಇತ್ತು. ಇವನ ಕಡೆಯಿಂದ ಎಳೆತವೇ ಇರಲಿಲ್ಲ. ರೈತ ಆ ತೂತಿನ ಮೇಲೆ ಬೆರಳಿಟ್ಟ. ಒಳಗಿನಿಂದ ಯಾರೋ ಹಿಡಿದ ಹಾಗೆ ಬೆರಳು ಅಂಟಿಕೊಂಡಿತು. ನೋಡುನೋಡುತ್ತಿದ್ದಂತೆ ಗುಳ್ಳೆಗಳು ಕಡಿಮೆಯಾದವು, ಆ ಮರದ ರಸ ಜರುಗತೊಡಗಿತು. ಅವನು ಬೆರಳು ತೆಗೆಯದೆ, ಅಲ್ಲೇ ಕೂತು ಗೊಳೋ ಎಂದು ಅತ್ತ."

ಅಡಿವೆಪ್ಪ ತಲೆಯಾಡಿಸಿದ.

"ಕತೆ ಚೆನ್ನಾಗಿದೆ. ಆದರೆ ನಾನು ನೋಡಿಕೊಂಡಿದ್ದೇನೆ ಅಜ್ಜಾರೇ. ನನ್ನಲ್ಲಿ ಅಂಥ ತೂತಿಲ್ಲ."

"ಇರಲಿಕ್ಕಿಲ್ಲ ಬಿಡು. ನೀಲವ್ವ ನಿನ್ನ ಹತ್ತಿರ ಕೊನೆಯ ಸಲ ಬಾಯ್ತುಂಬ ಮಾತಾಡಿದ್ದು ಯಾವ ವಿಷಯ?"

ಅಡಿವೆಪ್ಪ ನೆನಪು ಮಾಡಿಕೊಳ್ಳಲು ನೋಡಿದ. "ಅವಳ ತಂಗಿಯ ವಿಷಯ ಇರಬೇಕು. ತಂಗಿಗೋ, ತಂಗಿಯ ಮಗಳಿಗೋ ಏನೋ ಆಗಿತ್ತು. ನಾನು ಆಗಷ್ಟೇ ಅಂಗಡಿಯಿಂದ ಬಂದು ಕೂತಿದ್ದೆ. ಅವಳು ನೀರು ತಂದುಕೊಟ್ಟು ಶುರು ಮಾಡಿದಳು. ಅವಳದು ಒಂದೇ ಎರಡೇ ಅಜ್ಜಾರೇ, ಒಮ್ಮೆ ಶುರು ಮಾಡಿದಳೆಂದರೆ..."

ಅವನು ಮಾತು ಮುಗಿಸಲಿಲ್ಲ. ಹೆಗಲು ಇಳಿಬಿಟ್ಟು, ಕಂಬಕ್ಕೆ ತಲೆಯಾನಿಸಿ, ತನಗೇ ತಿಳಿಯದ ಹಾಗೆ ಉದ್ದಕ್ಕೆ "ಉಸ್ಸ್" ಎಂದ. ಅಂದವನು, ನೀಲವ್ವ ಮಾತು ಶುರು ಮಾಡಿದಾಗಲೆಲ್ಲ ತನ್ನ ಬಾಯಿಂದ ಬರುತ್ತಿದ್ದ ಆ ಸದ್ದನ್ನು ಮೊದಲ ಸಲ ತಾನೇ ಕೇಳಿಸಿಕೊಂಡು, ಬಾಯಿಗೆ ಕೈ ಅಡ್ಡ ಹಿಡಿದು ಹಾಗೇ ಕೂತುಬಿಟ್ಟ.

"ಅಗೋ," ಎಂದರು ಅಜ್ಜನವರು, "ಬೆರಳು ಸರಿಯಾದ ಜಾಗಕ್ಕೇ ಹೋಯಿತು."