ಹೊಗೆ ಹೋಗುವ ಕಡೆ

"ಗುರುಗಳೇ, ಅಣುಬಾಂಬು ಲೋಕವನ್ನು ಕಾಯುತ್ತದೆ ಎನ್ನುತ್ತಾರೆ. ಅದು ನಮ್ಮ ದೇಶದ ಕೈಗೂ ಬಂದಿದೆ. ಈಗ ನಾವೂ ದೊಡ್ಡವರಾದೆವು, ಅಲ್ಲವೇ?" ಎಂದು ಶಿಷ್ಯನೊಬ್ಬನು ಎದೆಯುಬ್ಬಿಸಿ ಕೇಳಿದನು.

ಗುರುಗಳು ಒಂದು ಕತೆ ಹೇಳಿದರು.

ದೂರದ ಕಡಲಿನ ದ್ವೀಪವೊಂದರಲ್ಲಿ ಮೀನು ಹಿಡಿಯುವವರ ಮನೆಯ ಮುದುಕಿಯೊಬ್ಬಳಿದ್ದಳು. ಆ ದ್ವೀಪದಲ್ಲಿ ಒಂದು ಕಟ್ಟಳೆ ಇತ್ತು. ಬೆಂಕಿ ಹಚ್ಚಿದವರು ಹೊಗೆ ಹೋಗುವ ಕಡೆಯೇ ಕೂರಬೇಕು. ಏಕೆಂದರೆ ಕಣ್ಣುರಿ ತನಗೇ ಆಗುವುದಾದರೆ ಯಾರೂ ಬೇಕಿಲ್ಲದ ಬೆಂಕಿ ಹಚ್ಚುವುದಿಲ್ಲ.

ದ್ವೀಪವನ್ನು ಆಳುತ್ತಿದ್ದವರು ಹೊರಗಿನಿಂದ ಬಂದ ಬಿಳಿಯರು. ಅವರು ಪಕ್ಕದ ನಡುಗಡ್ಡೆಯಲ್ಲಿ ಅಣುಬಾಂಬು ಸಿಡಿಸಿ ನೋಡಿದರು. ದ್ವೀಪದ ಮೇಲೆ ಬಿಳಿ ಬೂದಿ ಸುರಿಯಿತು. ವಿಷವೆಂದು ತಿಳಿಯದೆ ಮಕ್ಕಳು ಅದರಲ್ಲಿ ಆಡಿದರು. ಮುದುಕಿಯ ಮೊಮ್ಮಗಳ ಕೂದಲು ಹಿಡಿಹಿಡಿಯಾಗಿ ಉದುರಿತು.

ವರ್ಷ ಕಳೆಯಿತು. ಇನ್ನೂ ದೊಡ್ಡ ಬಾಂಬು ಹೊತ್ತು ಹಡಗುಗಳು ಬಂದವು. ಮತ್ತೊಮ್ಮೆ ಬೂದಿ ಬಿದ್ದರೆ ಮೊಮ್ಮಗಳು ಉಳಿಯುವುದಿಲ್ಲ ಎಂದು ಮುದುಕಿಗೆ ಗೊತ್ತಿತ್ತು. ಅಧಿಕಾರಿಯು ಊರವರನ್ನು ದಡದಲ್ಲಿ ಸೇರಿಸಿ, ಪತ್ರಿಕೆಯವರ ಎದುರಿಗೆ, "ಹೆದರಬೇಡಿ, ಏನೂ ಆಗುವುದಿಲ್ಲ" ಎಂದನು.

ಮುದುಕಿ ಚಾಪೆ ಹಿಡಿದು ಎದ್ದಳು. "ಏನೂ ಆಗದಿದ್ದರೆ ಒಳ್ಳೆಯದೇ ದೊರೆ. ಹೊಗೆ ಹೋಗುವ ಕಡೆ ಚಾಪೆ ಹಾಸುತ್ತೇನೆ, ನಿಮ್ಮ ಹೆಂಡತಿ ಮಕ್ಕಳನ್ನು ಕರೆತನ್ನಿ. ಮೀನು ಸಾರು ನಮ್ಮದು. ಇಷ್ಟು ದೂರ ಬರಲಾರರೇ? ಹಾಗಾದರೆ ನಿಮ್ಮ ಊರಲ್ಲೇ ಹಚ್ಚಿ!"

ಜನ ಗೊಳ್ಳೆಂದು ನಕ್ಕರು. ಅಧಿಕಾರಿ ರೇಗಿದನು. "ನಮ್ಮ ಊರಲ್ಲಿ ಹೇಗೆ ಹಚ್ಚುವುದು? ಅಲ್ಲಿ ಜನ ಇದ್ದಾರೆ!"

ಆಡಿದ ಮೇಲೆ ಅವನ ಮುಖ ಸಪ್ಪಗಾಯಿತು. ದ್ವೀಪದವರನ್ನು ಅವನು ಜನರೆಂದು ಎಣಿಸಿಯೇ ಇರಲಿಲ್ಲ ಎಂಬುದು ಎಲ್ಲರಿಗೂ ತಿಳಿದುಹೋಯಿತು. ಮುದುಕಿ ಚಾಪೆ ಹಾಸಿದಳು. ಮೊಮ್ಮಗಳ ತಲೆಯ ಬಟ್ಟೆ ಬಿಚ್ಚಿ, ಅವಳನ್ನು ಚಾಪೆಯ ಮೇಲೆ ಕೂರಿಸಿದಳು.

ಪತ್ರಿಕೆಯವರು ಆ ಮಾತನ್ನೂ ಆ ಬೋಳು ತಲೆಯನ್ನೂ ಲೋಕಕ್ಕೆಲ್ಲ ತೋರಿಸಿದರು. ಅಧಿಕಾರಿಯ ಊರಿನವರೇ ನಾಚಿ ಬೀದಿಗಿಳಿದರು. ತಿಂಗಳೊಳಗೆ ಹಡಗುಗಳು ಬಾಂಬು ಸಿಡಿಸದೆ ಬಂದ ದಾರಿ ಹಿಡಿದವು. ಅಂದು ದ್ವೀಪದವರು ದಡದಲ್ಲಿ ಬೆಂಕಿ ಹಚ್ಚಿ ಮೀನು ಸುಟ್ಟರು. ಎಲ್ಲರೂ ಹೊಗೆಯ ಕಡೆಯೇ ಒತ್ತಿಕೊಂಡು ಕುಳಿತು, ಕಣ್ಣೊರೆಸಿಕೊಳ್ಳುತ್ತ ಹಾಡಿದರು. ಎಲ್ಲರಿಗಿಂತ ಗಟ್ಟಿಯಾಗಿ ಹಾಡಿದವಳು ಮೊಮ್ಮಗಳು. ಅವಳ ತಲೆಯಲ್ಲಿ ಹೊಸ ಕೂದಲು ಚಿಗುರಿತ್ತು.

"ಮುದುಕಿ ಗೆದ್ದಳು!" ಎಂದು ಶಿಷ್ಯನು ಚಪ್ಪಾಳೆ ತಟ್ಟಿದನು.

ಗುರುಗಳು ಕೇಳಿದರು: "ಗೆದ್ದಳು ಮಗು. ಈಗ ನಮ್ಮ ದೇಶದ ಬೆಂಕಿಗೆ ನಿನ್ನ ಚಾಪೆಯನ್ನು ಯಾವ ಕಡೆ ಹಾಸಲಿ?"