ಹುಗ್ಗಿಯ ಮೋಟಾರ್‌ಸೈಕಲ್

ಹೊಳೆಯ ದಂಡೆಯಲ್ಲಿ ಒಂದು ಸಣ್ಣ ಆಶ್ರಮ. ಅಲ್ಲಿ ಕೈಲಾಸಮೂರ್ತಿ ಎಂಬ ಗುರುಗಳು, ಸಿದ್ದರಾಜು ಎಂಬ ಶಿಷ್ಯ, ಅಡುಗೆಯ ಚಿಕ್ಕತಾಯಮ್ಮ, ಮತ್ತು ಒಂದು ಹಳೆಯ ಮೋಟಾರ್‌ಸೈಕಲ್.

ಮೋಟಾರ್‌ಸೈಕಲ್ ಶಿಷ್ಯನಿಗಿಂತ ವಯಸ್ಸಿನಲ್ಲಿ ದೊಡ್ಡದು. ಆದ್ದರಿಂದ ಎಲ್ಲರೂ ಅದನ್ನು ‘ಮುದುಕ’ ಎಂದು ಕರೆಯುತ್ತಿದ್ದರು.

ಆಶ್ರಮಕ್ಕೆ ಮೋಟಾರ್‌ಸೈಕಲ್ ಯಾಕೆ ಎಂದು ಯಾರಾದರೂ ಕೇಳಬಹುದು. ಅದಕ್ಕೆ ಕಾರಣವಿತ್ತು. ಚಳಿಗಾಲದ ಧನುರ್ಮಾಸದಲ್ಲಿ ಬೆಳಗಾಗುವ ಮುಂಚೆಯೇ ಪೂಜೆ ಮುಗಿಸಿ ಹುಗ್ಗಿ ಹಂಚುವುದು ವಾಡಿಕೆ. ಈ ಆಶ್ರಮದವರು ಆ ಹುಗ್ಗಿಯನ್ನು ಸೇತುವೆಯಾಚೆ, ಕಬ್ಬು ಕಡಿಯಲು ಬಂದವರ ಗುಡಿಸಲುಗಳಿಗೆ ಒಯ್ಯುತ್ತಿದ್ದರು. ಅವರು ಬೆಳಕು ಹರಿಯುತ್ತಲೇ ಮಕ್ಕಳನ್ನೂ ಕರೆದುಕೊಂಡು ಗದ್ದೆಗೆ ಹೊರಟುಬಿಡುತ್ತಾರೆ. ತಡವಾದರೆ ಹುಗ್ಗಿ ಇರುತ್ತದೆ, ತಿನ್ನುವವರು ಇರುವುದಿಲ್ಲ.

ಹೋದ ವರ್ಷ ಒಂದು ದಿನ ಹಾಗೇ ಆಗಿತ್ತು. ಮುದುಕ ಅಂಗಳ ಬಿಟ್ಟು ಕದಲಲಿಲ್ಲ. ಗುರುಗಳು ನಡೆದು ತಲುಪುವಷ್ಟರಲ್ಲಿ ಗುಡಿಸಲುಗಳ ಮುಂದೆ ಒಂದು ನಾಯಿ ಮಾತ್ರ ಇತ್ತು.

ಈ ವರ್ಷ ಕಾರ್ತಿಕ ಮುಗಿಯುವ ಮುಂಚೆಯೇ ಸಿದ್ದರಾಜು ಗುರುಗಳ ಮುಂದೆ ನಿಂತ.

“ಬುದ್ಧಿ, ಚಳಿ ಬರೋದರೊಳಗೆ ಮುದುಕನನ್ನು ನಾನು ರಿಪೇರಿ ಮಾಡ್ತೀನಿ. ಹುಗ್ಗಿಯನ್ನೂ ನಾನೇ ಒಯ್ತೀನಿ.”

“ಮಾಡು.”

“ಮೊದಲು ಯಾವುದು ಬುದ್ಧಿ? ಚೈನೋ, ಬ್ಯಾಟರಿಯೋ, ಆಯಿಲ್ಲೋ?”

“ಮುದುಕನನ್ನೇ ಕೇಳು.”

ಸಿದ್ದರಾಜು ನಕ್ಕ. “ನೀವು ತಮಾಷೆ ಮಾಡ್ತೀರಿ. ಮೊದಲಾಗಿದ್ದರೆ ನನಗೆ ಸಿಟ್ಟು ಬರ್ತಿತ್ತು. ಈಗ ಬರೋದಿಲ್ಲ. ಜಪಕ್ಕೆ ಕೂತ ಮೇಲೆ ನನ್ನ ಸಿಟ್ಟು ಹೊರಟೇ ಹೋಯಿತು.”

“ಹೌದೇ? ಎಲ್ಲಿಗೆ?”

“ಹೇಳಿ ಹೋಗಲಿಲ್ಲ ಬುದ್ಧಿ.”

ಅಡುಗೆಮನೆಯಿಂದ ಚಿಕ್ಕತಾಯಮ್ಮ ಕೂಗಿ ಹೇಳಿದಳು. “ವಾಪಸ್ ಬಂದ್ರೆ ಊಟಕ್ಕೆ ಇರಿಸ್ಕೋಬೇಡ ಕಣಪ್ಪ. ಅಕ್ಕಿ ಕಮ್ಮಿ ಐತೆ.”

ಮರುದಿನದಿಂದ ಕೆಲಸ ಶುರುವಾಯಿತು. ದಿನಾ ತಿಂಡಿಯಾದ ಮೇಲೆ ಸಿದ್ದರಾಜು ಮುದುಕನನ್ನು ತಳ್ಳಿಕೊಂಡು ಹೋಗಿ, ಪೂರ್ವದ ಗೋಡೆಯ ಪಕ್ಕ ಬಿಸಿಲಿಗೆ ನಿಲ್ಲಿಸುತ್ತಿದ್ದ. ಬಿಸಿಲಿದ್ದರೆ ಬೆರಳು ಸೆಟೆದುಕೊಳ್ಳುವುದಿಲ್ಲ, ಬೋಲ್ಟು ತಿರುಗಿಸುವುದು ಸುಲಭ. ಗಾಡಿಗೂ ಹಿತ, ಅವನಿಗೂ ಹಿತ.

ಚೈನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದ. ಹಳೆಯ ಆಯಿಲ್ ಇಳಿಸಿ ಹೊಸದು ಹಾಕಿದ. ಬ್ಯಾಟರಿ ಚಾರ್ಜ್ ಮಾಡಿಸಿ ತಂದ. ಪ್ಲಗ್ಗು ಉಜ್ಜಿದ, ಬ್ರೇಕು ಬಿಗಿ ಮಾಡಿದ. ಕೊನೆಗೆ ಟ್ಯಾಂಕಿಗೆ ಪಾಲಿಶ್ ಕೂಡ ಹಚ್ಚಿದ, ಅದಕ್ಕೂ ಚಳಿಗೂ ಸಂಬಂಧವಿಲ್ಲದಿದ್ದರೂ.

ಸಂಜೆ ಗುರುಗಳು ಕೇಳುತ್ತಿದ್ದರು. “ಮುದುಕ ಏನಂದ?”

“ಒಂದೇ ಕಿಕ್ಕು, ಬುದ್ಧಿ!”

“ಯಾವ ಹೊತ್ತಲ್ಲಿ ಕೇಳಿದೆ?”

“ತಿಂಡಿಯಾದ ಮೇಲೆ, ಬಿಸಿಲು ಚೆನ್ನಾಗಿ ಬಂದಾಗ.”

“ಓಹೋ” ಎಂದು ಗುರುಗಳು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಅದು ಮೆಚ್ಚುಗೆ ಎಂದು ಸಿದ್ದರಾಜು ತಿಳಿದುಕೊಂಡ.

ಧನುರ್ಮಾಸದ ಹಿಂದಿನ ಸಂಜೆ ಗುರುಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದರು. “ತಾಯಮ್ಮ, ನಾಳೆ ಒಲೆ ಸ್ವಲ್ಪ ಬೇಗ ಹಚ್ಚು.”

“ಯಾಕ್ ಬುದ್ಧಿ? ಮುದುಕ ಈಗ ಹುಡುಗ ಆಗವ್ನಂತಲ್ಲ?”

“ಹುಡುಗರಿಗೆ ಬೆಳಗಿನ ನಿದ್ದೆ ಜಾಸ್ತಿ.”

ಬೆಳಿಗ್ಗೆ ಹೊಳೆಯ ಮೇಲೆ ಮಂಜು. ಮುದುಕನ ಸೀಟು ಒದ್ದೆಯಾಗಿತ್ತು. ಸಿದ್ದರಾಜು ಚೋಕ್ ಎಳೆದು ಕಿಕ್ ಹೊಡೆದ. ಸದ್ದಿಲ್ಲ. ಮತ್ತೆ ಹೊಡೆದ. ಶಾಲು ಬಿಸಾಕಿ ಹೊಡೆದ. ಕಾಲು ಜಾರಿ, ಕಿಕ್ಕರ್ ತಿರುಗಿ ಬಂದು ಮೊಳಕಾಲಿನ ಕೆಳಗೆ ಬಡಿಯಿತು.

“ಕತ್ತೆ ನನ್ಮಗನೇ! ತಿಂಗಳೆಲ್ಲ ನಿನ್ನ ಸೇವೆ ಮಾಡಿದ್ನಲ್ಲೋ!” ಎಂದು ಟೈರಿಗೆ ಒದ್ದ.

ಚಿಕ್ಕತಾಯಮ್ಮ ಹುಗ್ಗಿಯ ಪಾತ್ರೆ ತಂದಿಟ್ಟಳು. “ಆರ್ತದೆ ಕಣಪ್ಪ.”

“ಆರಲಿ! ಇಷ್ಟು ಬೇಗ ಬೇಯಿಸಿ ಅಂತ ನಿಮಗೆ ಯಾರು ಹೇಳಿದ್ರು?”

ಗುರುಗಳು ತಾವು ಹೊದ್ದಿದ್ದ ಕಂಬಳಿ ತೆಗೆದು ಪಾತ್ರೆಗೆ ಸುತ್ತಿದರು. ಪಾತ್ರೆಯ ಹಿಡಿಗಳಿಗೆ ಹಗ್ಗ ಕಟ್ಟಿ ಬಿದಿರಿನ ಗಳಕ್ಕೆ ನೇತುಹಾಕಿದರು.

“ಆ ಕಡೆ ಹಿಡಿ.”

ಇಬ್ಬರೂ ಸೇತುವೆ ದಾಟಿದರು. ಒಲೆ ಬೇಗ ಹಚ್ಚಿದ್ದರಿಂದ ನಡೆದು ಹೋಗುವಷ್ಟು ಹೊತ್ತು ಇತ್ತು. ಗುಡಿಸಲಿನವರು ಆಗಷ್ಟೇ ಕುಡುಗೋಲು ಎತ್ತಿಕೊಳ್ಳುತ್ತಿದ್ದರು. ಮಕ್ಕಳು ತಟ್ಟೆ ಹಿಡಿದು ಓಡಿಬಂದರು. ಕಂಬಳಿ ಬಿಚ್ಚಿದಾಗ ಹುಗ್ಗಿಯಿಂದ ಇನ್ನೂ ಹಬೆ ಬಂತು.

“ಗಾಡಿ ಎಲ್ಲೈತ್ರಿ ಅಜ್ಜಾರ?” ಎಂದು ಒಬ್ಬ ಹೆಂಗಸು ಕೇಳಿದಳು.

“ಇನ್ನೂ ಹಾಸಿಗೆ ಬಿಟ್ಟಿಲ್ಲ ತಾಯಿ.”

ಎಲ್ಲರೂ ನಕ್ಕರು. ಸಿದ್ದರಾಜು ನಗಲಿಲ್ಲ.

ವಾಪಸ್ ಬರುವಾಗ ಅವನು ಕೇಳಿದ. “ಹೀಗಾಗುತ್ತೆ ಅಂತ ನಿಮಗೆ ಗೊತ್ತಿತ್ತು. ಯಾಕೆ ಹೇಳಲಿಲ್ಲ ಬುದ್ಧಿ?”

“ಮುದುಕನನ್ನು ಕೇಳು ಅಂದೆನಲ್ಲ.”

“ದಿನಾ ಕೇಳಿದೆ!”

“ಬಿಸಿಲಲ್ಲಿ ಕೂರಿಸಿ ಕೇಳಿದೆ. ನಾಳೆ ಚಳಿಯಲ್ಲಿ ಕೇಳು.”

ಮರುದಿನ ಸಿದ್ದರಾಜು ಚಿಕ್ಕತಾಯಮ್ಮನಿಗಿಂತ ಮುಂಚೆ ಎದ್ದ. ಟಾರ್ಚು ಹಿಡಿದು ಮುದುಕನ ಪಕ್ಕ ಕುಕ್ಕರಗಾಲಲ್ಲಿ ಕೂತ. ಒಂದು ಕಿಕ್ ಹೊಡೆದ. ಹತ್ತಲಿಲ್ಲ. ಈ ಸಲ ಬೈಯಲಿಲ್ಲ. ಒಂದೊಂದನ್ನೇ ಮುಟ್ಟಿ ನೋಡಿದ.

ಚೋಕಿನ ಹಿಡಿ ಎಳೆದಾಗ ಅದು ತೀರಾ ಹಗುರವಾಗಿ ಬಂತು. ಒಳಗಿನ ತಂತಿ ತುಂಡಾಗಿತ್ತು.

ಚಳಿಯಲ್ಲಿ ಇಂಜಿನ್ ಹತ್ತಿಕೊಳ್ಳಲು ಪೆಟ್ರೋಲ್ ಜಾಸ್ತಿ ಬೇಕು, ಗಾಳಿ ಕಡಿಮೆ ಬೇಕು. ಆ ಗಾಳಿಯನ್ನು ತಡೆಯುವುದೇ ಚೋಕಿನ ಕೆಲಸ. ಬಿಸಿಲಿಗೆ ಕಾದ ಗಾಡಿಗೆ ಚೋಕ್ ಬೇಕಾಗುವುದೇ ಇಲ್ಲ. ಅದಕ್ಕೇ ರಿಪೇರಿ ಮಾಡಿದ ತಿಂಗಳಲ್ಲಿ ಅವನು ಒಂದು ದಿನವೂ ಅದನ್ನು ಎಳೆದು ನೋಡಿರಲಿಲ್ಲ.

ಹೊಸ ತಂತಿ ತರುವವರೆಗೆ ಬೆರಳೇ ಸಾಕು ಎಂದು, ಕಾರ್ಬೊರೇಟರಿನ ಚೋಕನ್ನು ಬೆರಳಿನಿಂದಲೇ ಮುಚ್ಚಿದ. ಕಿಕ್ ಹೊಡೆದ. ಮುದುಕ ಕೆಮ್ಮಿದ. ಇನ್ನೊಂದು ಕಿಕ್ಕು. ಡುಗುಡುಗು ಸದ್ದಿಗೆ ಹೊಳೆಯ ಕೊಕ್ಕರೆಗಳು ಹಾರಿದವು.

ಚಿಕ್ಕತಾಯಮ್ಮ ಸೌಟು ಹಿಡಿದುಕೊಂಡೇ ಹೊರಗೆ ಓಡಿಬಂದಳು. “ಎದ್ದನೇನೋ!”

“ಎದ್ದ, ಅಕ್ಕ. ನಿನ್ನೆ ನಿಮ್ಮ ಮೇಲೆ ಕೂಗಾಡಿಬಿಟ್ಟೆ. ತಪ್ಪಾಯ್ತು.”

“ಅದಕ್ಕೇನಂತೆ. ಹೋದ ನೆಂಟ ವಾಪಸ್ ಬಂದಿದ್ದ, ಊಟಕ್ಕೆ ನಿಲ್ಲದೆ ಮಾತಾಡಿಸಿ ಹೋದ.”

ಸಿದ್ದರಾಜು ಗಾಡಿ ಓಡಿಸಿದ. ಗುರುಗಳು ಹಿಂದೆ ಕೂತು ಪಾತ್ರೆ ಹಿಡಿದುಕೊಂಡರು. ಮಕ್ಕಳು ದೂರದಿಂದಲೇ ಸದ್ದು ಕೇಳಿ ಸೇತುವೆಯ ತುದಿಗೇ ಓಡಿಬಂದು ನಿಂತಿದ್ದರು.

ಹುಗ್ಗಿ ಹಂಚಿ ಹಿಂದಿರುಗುವಾಗ ಸೂರ್ಯ ಮೂಡಿದ್ದ. ಸೇತುವೆಯ ನಡುವೆ ಸಿದ್ದರಾಜು ಗಾಡಿಯ ವೇಗ ತಗ್ಗಿಸಿದ.

“ಬುದ್ಧಿ, ಚೋಕಿನ ತುಂಡಾದ ತಂತಿ ಸಿಕ್ಕಿತು. ನಿನ್ನೆ ನನ್ನ ಸಿಟ್ಟೂ ಸಿಕ್ಕಿತು. ಅದು ಹೊರಟೇ ಹೋಗಿದೆ ಅಂದುಕೊಂಡಿದ್ದೆ. ಇಷ್ಟು ದಿನ ಎಲ್ಲಿತ್ತು ಅದು?”

ಗುರುಗಳು ಖಾಲಿ ಪಾತ್ರೆಯನ್ನು ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡರು.

“ಮುದುಕನ ಜೊತೆ ಬಿಸಿಲು ಕಾಯಿಸುತ್ತಿತ್ತು.”